ಬಾಯಲ್ಲಿ ಗುಂಡುಸೂಜಿ

ಪಾಲು ಎಂಬ ಪದಕ್ಕೆ ಇಷ್ಟೊಂದು ಕಾಲುಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ. ಶಾಲೆಯ ಹಾಲಿನಲ್ಲಿ ನಾಲ್ಕು ಡೆಸ್ಕುಗಳನ್ನು ಜೋಡಿಸಿ, ಅವುಗಳ ಮೇಲೆ ಥರ್ಮೋಕೋಲಿನ ಹಾಳೆಗಳನ್ನಿಟ್ಟು, ಅದರ ಮೇಲೆ ಹಳ್ಳದ ನಕ್ಷೆಯನ್ನು ಹಾಸುತ್ತಿದ್ದ. ಕಾಗದವಾದರೆ ಹತ್ತು ಜನರ ಕೈಯಲ್ಲಿ ಹರಿದುಹೋಗುತ್ತದೆಂದು ಈ ಸಲ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದ. ಮಡಿಕೆಯ ಗುರುತುಗಳನ್ನು ಅಂಗೈಯಿಂದ ಉಜ್ಜಿ ಉಜ್ಜಿ ಸರಿಮಾಡುತ್ತಿರುವಾಗ ಕ್ಷೌರದಂಗಡಿಯವನು ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತಿದ್ದ. ಮೀಟಿಂಗಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಬಂದವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಜೆರಾಕ್ಸುಗಳು.

"ಎಲ್ಲಾ ತಂದಿದೀನಿ ಸಾರ್. ಮನೆ ಕಾಗದ, ಲೈಟ್ ಬಿಲ್ಲು, ಮದುವೆ ಫೋಟೋ. ನನ್ನ ಪಾಲು ಯಾವ ಕಡೆ ಬರುತ್ತೆ ಅಂತ ತೋರಿಸಿಬಿಟ್ರೆ ಹೋಗಿ ಅಂಗಡಿ ಬಾಗಿಲು ತೆಗೀತೀನಿ."

"ಮದುವೆ ಫೋಟೋ ಯಾಕೆ?"

"ಇರಲಿ ಅಂತ. ನಮ್ಮನೆಯವಳು ಹೇಳಿದ್ಲು."

ಪಾಲುದಾರರ ಸಭೆ. ನೂರ ನಲವತ್ತು ಮನೆಗಳಿಗೆ ಹೋದ ಪತ್ರದ ತಲೆಬರಹ ಅದು, ಬರೆದವನು ತಾನೇ. ಅವನ ನಗರ ಯೋಜನೆ ಆಫೀಸಿಗೆ ಬಂದ ದಪ್ಪ ಪುಸ್ತಕದಲ್ಲಿ ಸ್ಟೇಕ್‌ಹೋಲ್ಡರ್ ಎಂಬ ಇಂಗ್ಲಿಷ್ ಪದವಿತ್ತು. ಯಾವ ನೆಲವನ್ನು ತಿದ್ದಲು ಹೊರಟಿದ್ದೇವೋ ಆ ನೆಲದ ಜೊತೆ ಬದುಕುವವರೆಲ್ಲ ಅದರೊಳಗೆ ಬರುತ್ತಿದ್ದರು. ಅದನ್ನು ಕನ್ನಡಕ್ಕೆ ತರಲು ಒಂದು ಇಡೀ ಮಧ್ಯಾಹ್ನ ಕೂತಿದ್ದ. ಸಂಬಂಧಪಟ್ಟವರು ಎಂದು ಬರೆದರೆ ಪೊಲೀಸ್ ನೋಟೀಸಿನ ಹಾಗೆ ಕಂಡಿತು. ಹಿತಾಸಕ್ತರು ಎಂದರೆ ಏನೋ ಒಳಸಂಚು ನಡೆಸುವವರ ಹಾಗೆ. ಕೊನೆಗೆ ಪಾಲುದಾರರು ಎಂದು ಬರೆದು, ಓದಿ ನೋಡಿ, ಎದೆಯುಬ್ಬಿಸಿಕೊಂಡು ಟೀ ಕುಡಿಯಲು ಎದ್ದಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅಲ್ಲ ಇವರು, ಆದರೆ ಸರಕಾರಿ ಮೊಹರಿನ ಕೆಳಗೆ ಪಾಲು ಎಂದು ಬರೆದರೆ ಯಾರು ತಾನೇ ಇನ್ನೊಂದು ಅರ್ಥ ಹುಡುಕುತ್ತಾರೆ? ಹಳ್ಳದ ದಂಡೆಯನ್ನು ಅಳೆದು ಹಂಚುತ್ತಾರಂತೆ ಎಂದು ಮೂರು ದಿನದಿಂದ ಬೀದಿಯೆಲ್ಲ ಮಾತು. ಪತ್ರ ತಲುಪಿದ ಸಂಜೆ ಅಕ್ಕ ಫೋನು ಮಾಡಿದ್ದಳು. ಹಿನ್ನೆಲೆಯಲ್ಲಿ ಹೊಲಿಗೆಯ ಯಂತ್ರ ಓಡುತ್ತಿತ್ತು. "ಏನೋ ಗೆರೆ, ಪಾಲು ಕೊಡ್ತೀಯಂತೆ? ಯಾರ ಪಾಲೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಕ್ಕು, ಗಿರಾಕಿ ಬಂದರೆಂದು ಇಟ್ಟುಬಿಟ್ಟಿದ್ದಳು. ಚಿಕ್ಕಂದಿನಲ್ಲಿ ಸೀಮೆಸುಣ್ಣ ಸಿಕ್ಕಿದರೆ ಸಾಕು, ಗೋಡೆ, ನೆಲ, ಬಾಗಿಲು ಎನ್ನದೆ ಗೆರೆ ಎಳೆಯುತ್ತಿದ್ದನೆಂದು ಅವಳು ಇಟ್ಟ ಹೆಸರು ಅದು. ತಮಾಷೆಗೇ ಕೇಳಿದ್ದಳು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು. ಫೋನು ಹಿಡಿದುಕೊಂಡು ಎಷ್ಟೋ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದ.

ಹನ್ನೆರಡು ವರ್ಷದ ಹಿಂದೆ ಅವಳ ಬಾಯಿ ತುಂಬ ಗುಂಡುಸೂಜಿಗಳಿದ್ದವು. ಹಳ್ಳದ ಕಡೆಗೆ ತೆರೆಯುವ ಹಿಂದಿನ ಕೋಣೆಯಲ್ಲಿ ಯಾರದೋ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಲಂಗದ ಅಂಚನ್ನು ಸುತ್ತ ಮಡಿಸುತ್ತಾ, ತುಟಿಗಳ ನಡುವಿನಿಂದ ಒಂದೊಂದೇ ಗುಂಡುಸೂಜಿ ತೆಗೆದು ಚುಚ್ಚುತ್ತಾ ಮಂಡಿಯೂರಿ ಕೂತಿದ್ದಳು. ಅಪ್ಪ ಹೋಗಿ ಆಗ ಒಂದು ವರ್ಷ. ಅಪ್ಪನ ಸೈಕಲ್ ಶಾಪಿನ ಜಾಗ, ಅಕ್ಕನ ಮನೆಯಿಂದ ನಾಲ್ಕು ಹೆಜ್ಜೆ, ಅದನ್ನು ಮಾರಿ ಅವನು ಮೇಲಿನ ಬಡಾವಣೆಯಲ್ಲಿ ಮನೆ ಕಟ್ಟುವವನಿದ್ದ. ತನಗೆ ಅದರಲ್ಲಿ ಹಕ್ಕಿಲ್ಲ ಎಂದು ಅವಳು ಸಹಿ ಮಾಡಬೇಕಿತ್ತು. ಹೊರಗೆ ಆಟೋ ಕಾಯುತ್ತಿತ್ತು, ಆಫೀಸು ಮುಚ್ಚುವ ಹೊತ್ತು. "ಅಕ್ಕಾ, ಇಲ್ಲೊಂದು ಸಹಿ" ಎಂದು ಕಾಗದವನ್ನು ಕತ್ತರಿಸುವ ಮಣೆಯ ಮೇಲಿಟ್ಟು ಬೆರಳು ತೋರಿಸಿದ್ದ. ಅವಳು ಕಾಗದ ನೋಡಿದಳು, ಅವನನ್ನು ನೋಡಿದಳು, ತುಟಿ ಬಿಗಿಹಿಡಿದುಕೊಂಡೇ "ಮ್" ಎಂದಳು. ಅದು ಪ್ರಶ್ನೆಯೋ ಒಪ್ಪಿಗೆಯೋ ಗೊತ್ತಾಗಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ತನಗೆ ತಾನೇ ಹೇಳಿಕೊಂಡು ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟಿದ್ದ. ಅವಳು ಬರೆದಳು. ಸೀಮೆಸುಣ್ಣದ ಪುಡಿ ಮೆತ್ತಿದ ಬೆರಳಿನ ಗುರುತು ಕಾಗದದ ಮೂಲೆಯಲ್ಲಿ ಉಳಿದಿತ್ತು. ಆಟೋದಲ್ಲಿ ಕೂತು ಅದನ್ನು ಕರ್ಚೀಫಿನಿಂದ ಒರೆಸಿದ್ದ. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಗೃಹಪ್ರವೇಶಕ್ಕೆ ಎಲ್ಲ ಕಿಟಕಿಗಳಿಗೂ ಪರದೆ ಹೊಲಿದುಕೊಂಡು ಬಂದು, ತಾನೇ ಏಣಿ ಹತ್ತಿ ಹಾಕಿದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಆ ಪರದೆಗಳನ್ನು ಸರಿಸುವ ಪ್ರತಿ ಬೆಳಿಗ್ಗೆಯೂ ಅನಿಸುತ್ತದೆ.

ಹಾಲು ತುಂಬತೊಡಗಿತು. ನಿವೃತ್ತ ಕಂಡಕ್ಟರು ಮುಂದಿನ ಬೆಂಚಿನಲ್ಲಿ ಕೂತು, ನಿಂತವರನ್ನೆಲ್ಲ "ಒಳಗ್ ಬನ್ನಿ, ಒಳಗ್ ಬನ್ನಿ, ಹಿಂದೆ ಖಾಲಿ ಇದೆ" ಎಂದು ಒಳಗೆ ತಳ್ಳಿಸುತ್ತಿದ್ದರು. ಎಲ್ಲರ ಕೈಯಲ್ಲೂ ಕವರು, ಫೈಲು, ಸುತ್ತಿದ ಕಾಗದ. ಅವನ ಚೀಲದಲ್ಲೂ ಒಂದು ಕಾಗದವಿತ್ತು. ನಿನ್ನೆ ಸಂಜೆಯೇ ಟೈಪು ಮಾಡಿಸಿದ್ದು: ಯೋಜನೆಯನ್ನು ಪಾಲುದಾರರ ಮುಂದಿಟ್ಟು ವಿವರಿಸಲಾಯಿತು, ಪಾಲುದಾರರೆಲ್ಲರೂ ಸರ್ವಾನುಮತದಿಂದ ಸಮ್ಮತಿಸಿದರು. ಕೆಳಗೆ ಸಹಿಗಳಿಗೆ ಖಾಲಿ ಸಾಲುಗಳು. ಇದನ್ನು ಮಾಡಿಸಿದವರು ಅವನ ಮೇಲಧಿಕಾರಿ, 'ಆಗಲಿ ಸಾಹೇಬರು'. ಯಾವುದಕ್ಕೂ ಆಗುತ್ತದೆ ಎನ್ನದೆ, ಆಗುವುದಿಲ್ಲ ಎಂದೂ ಅನ್ನದೆ, "ಆಗಲಿ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಡುವ ಅವರಿಗೆ ಆಫೀಸಿಟ್ಟ ಹೆಸರು. ಈ ಒಂದು ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿದ್ದರು. ಮಧ್ಯಾಹ್ನ ಒಂದಕ್ಕೆ ಸಹಿಯಾದ ಕಾಗದ ಮೇಜಿನ ಮೇಲಿರಬೇಕು. ಇದ್ದರೆ ಮುಂದಿನ ತಿಂಗಳು ಕೆಲಸ ಶುರು: ಹಳ್ಳದ ಉದ್ದಕ್ಕೂ ನಡೆಯುವ ದಾರಿ, ದೀಪದ ಕಂಬಗಳು, ದಾರಿಗೂ ಮನೆಗಳ ಹಿತ್ತಲಿಗೂ ನಡುವೆ ಏಳಡಿಯ ಗೋಡೆ.

ಗೋಡೆಯನ್ನು ಎಳೆದವನೂ ಅವನೇ. ನಕ್ಷೆಯಲ್ಲಿ ಅದು ಜೋಡಿ ಗೆರೆ, ಅಷ್ಟೇ. ನಲವತ್ತು ಮನೆಗಳ ಬೆನ್ನಿಗೆ ತಾಗಿಕೊಂಡು ಹೋಗುತ್ತದೆ, ಅದರಲ್ಲಿ ಹನ್ನೊಂದನೆಯದು ಅಕ್ಕನ ಹಿಂದಿನ ಕೋಣೆ. ಆ ಕೋಣೆಗೆ ಬೀದಿಯ ಕಡೆಯಿಂದ ಬೆಳಕೇ ಇಲ್ಲ. ಬರುವುದೆಲ್ಲ ಹಳ್ಳದ ಕಡೆಯಿಂದ, ಮಧ್ಯಾಹ್ನದ ಮೇಲೆ. ಐವತ್ತೆಂಟು ವರ್ಷದ ಕಣ್ಣು, ಸೂಜಿಗೆ ದಾರ ಪೋಣಿಸುವಾಗ ಬಾಗಿಲಿಗೆ ಬಂದು ಸೂಜಿಯನ್ನು ಆಕಾಶಕ್ಕೆ ಹಿಡಿಯುತ್ತಾಳೆ. ಹನ್ನೊಂದನೆಯ ಮನೆಯ ಹಿಂದೆ ಗೆರೆ ಎಳೆಯುವಾಗ ಅದು ಅವನಿಗೆ ನೆನಪಾಗಿತ್ತು. ಗೆರೆ ಅಲುಗಿರಲಿಲ್ಲ. ಒಂದು ಮನೆಗೆಂದು ಗೋಡೆ ಸೊಟ್ಟ ಮಾಡಿದರೆ ಸ್ವಂತ ಅಕ್ಕನಿಗಾಗಿ ಮಾಡಿದ ಎನ್ನುತ್ತಾರಲ್ಲ, ಎಂದು ಆಗ ತನಗೆ ತಾನೇ ಕೊಟ್ಟುಕೊಂಡ ಸಮಜಾಯಿಷಿ. ಎಷ್ಟು ಪ್ರಾಮಾಣಿಕ ಮನುಷ್ಯ! ಅಪ್ಪನ ಜಾಗದ ಹೊತ್ತಿನಲ್ಲಿ ಈ ಪ್ರಾಮಾಣಿಕತೆ ಎಲ್ಲಿ ಮಲಗಿತ್ತೋ.

ಪದದ ಅರ್ಥವನ್ನು ಬಿಡಿಸಿ ಹೇಳುವುದರಲ್ಲಿ ಅರ್ಧ ಗಂಟೆ ಹೋಯಿತು. ಪಾಲು ಎಂದರೆ ಜಾಗದ ಪಾಲಲ್ಲ, ತೀರ್ಮಾನದಲ್ಲಿ ಪಾಲು, ಎಂದ. ಕಂಡಕ್ಟರು, "ಅಂದ್ರೆ ಟಿಕೆಟ್ ಕೊಡ್ತೀರಿ, ಬಸ್ ಇಲ್ಲ" ಎಂದರು. ನಗು ಎದ್ದಿತು. ಕ್ಷೌರದಂಗಡಿಯವನು ಮದುವೆ ಫೋಟೋವನ್ನು ಕವರಿನಲ್ಲಿ ಇನ್ನೂ ಆಳಕ್ಕೆ ತಳ್ಳಿದ. ನಕ್ಕವರು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಬಂದಾಯಿತಲ್ಲ, ಇನ್ನೇನು, ಎಂಬಂತೆ ಕೂತರು. ಅವರ ಈ ದೊಡ್ಡಸ್ತಿಕೆಗೆ ತಾನು ಯೋಗ್ಯನಲ್ಲ ಎನ್ನಿಸಿ, ಅವನು ಇನ್ನಷ್ಟು ಜೋರಾಗಿ ವಿವರಿಸತೊಡಗಿದ. ಬಣ್ಣದ ತಲೆಯ ಗುಂಡುಸೂಜಿಗಳನ್ನು ಎಲ್ಲರಿಗೂ ಐದೈದು ಹಂಚಲಾಗುವುದು. ಹಳ್ಳದ ದಂಡೆಯಲ್ಲಿ ನಿಮಗೆ ಬೇಕಾದ ಜಾಗ ಎಲ್ಲಿದೆಯೋ ಅಲ್ಲಿ ಹಸಿರು ಚುಚ್ಚಿ, ಬೇಡವಾದದ್ದು ಎಲ್ಲಿದೆಯೋ ಅಲ್ಲಿ ಕೆಂಪು. ಜನ ನಕ್ಷೆಯ ಸುತ್ತ ಬಂದು ನಿಂತರು. ಹಸಿರು ಬಿದ್ದವು, ಮುಖ್ಯವಾಗಿ ತಂತಮ್ಮ ಮನೆಗಳ ಮೇಲೆ. ಕೆಂಪಿನ ಡಬ್ಬಿ ತುಂಬಿದಂತೆಯೇ ಉಳಿಯಿತು. ಸರಕಾರದ ಬಟ್ಟೆಯ ಮೇಲೆ ಕೆಂಪು ಚುಚ್ಚುವ ಧೈರ್ಯ ಯಾರಿಗಿದೆ?

ಅಕ್ಕ ಬಂದಾಗ ಹನ್ನೊಂದೂವರೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಸೆರಗಿನ ತುಂಬ ದಾರದ ಚೂರು. "ದಾರಿ ಬಿಡ್ರಪ್ಪಾ, ಟೈಲರಕ್ಕ ಬಂದ್ರು" ಎಂದು ಕಂಡಕ್ಟರು ಕೂಗಿದರು. ಅವಳು ಅವನ ಮುಖ ನೋಡಲಿಲ್ಲ. ನೇರ ನಕ್ಷೆಯ ಹತ್ತಿರ ಬಂದು, ಮೊದಲು ಅದರ ಒಂದು ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು. "ಬಟ್ಟೆ ಚೆನ್ನಾಗಿದೆ, ಒಗೆದ್ರೆ ಬಣ್ಣ ಬಿಡುತ್ತೆ." ಆಮೇಲೆ ಬೆರಳನ್ನು ಹಳ್ಳದ ನೀಲಿಯ ಮೇಲಿಟ್ಟು, ಹೊಲಿಗೆಯ ಗುಂಟ ಹೋಗುವಂತೆ, ನಿಧಾನವಾಗಿ ನಡೆಸಿಕೊಂಡು ಬಂದಳು. ಸೇತುವೆ, ಶಾಲೆ, ಮೆಟ್ಟಿಲು, ಈಗ ಗೋಡೌನಾಗಿರುವ ಅಪ್ಪನ ಜಾಗ, ಅಲ್ಲಿ ಬೆರಳು ನಿಂತಿತೋ ಇಲ್ಲವೋ ಅವನಿಗೆ ಖಚಿತವಾಗಲಿಲ್ಲ. ಹನ್ನೊಂದನೆಯ ಮನೆಯ ಹಿಂದೆ ನಿಂತದ್ದಂತೂ ನಿಜ.

"ಇದೇನೋ, ಒಳಗೆ ಬಟ್ಟೆನೇ ಬಿಟ್ಟಿಲ್ಲ?" ಎಂದಳು. "ಹಳ್ಳ ಇಲ್ಲಿ ಮುಗೀತು, ಅಲ್ಲಿಂದಲೇ ನಿನ್ನ ದಾರಿ ಶುರು. ಮಳೆಗಾಲದಲ್ಲಿ ಹಳ್ಳ ದಪ್ಪ ಆಗುತ್ತಲ್ಲ, ಆಗ ಬಿಚ್ಚಿ ಹೊಲಿಯೋಕೆ ಏನಿದೆ?"

ಅವನ ಶಾಲೆಯ ಚಡ್ಡಿಗಳಿಗೆಲ್ಲ ಅವಳು ಒಳಗೆ ಮೂರು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ಅವನು ಬೆಳೆದಂತೆಲ್ಲ ಬಿಚ್ಚಿ ಉದ್ದ ಮಾಡುತ್ತಿದ್ದಳು. ಬಿಚ್ಚಿದ ಕಡೆ ಬಣ್ಣ ಮಾಸದ ಒಂದು ಕಪ್ಪು ಪಟ್ಟಿ ತೊಡೆಯ ಸುತ್ತ ಕಾಣುತ್ತಿತ್ತು, ಅದರ ಕೆಳಗೆ ಇನ್ನೊಂದು. ಮರ ಕಡಿದರೆ ವಯಸ್ಸು ಕಾಣುತ್ತಲ್ಲ, ಇವನ ಚಡ್ಡಿ ನೋಡಿದರೆ ಎಷ್ಟನೇ ಕ್ಲಾಸು ಅಂತ ಗೊತ್ತಾಗುತ್ತೆ, ಎಂದು ಹುಡುಗರು ನಕ್ಕಿದ್ದರು. ಮನೆಗೆ ಬಂದು ಅವಳ ಮೇಲೆ ಹಾರಾಡಿದ್ದ. ಹದಿನೆಂಟು ವರ್ಷದ ಹುಡುಗಿ, ಬೈಯಲಿಲ್ಲ. ಮಾರನೆಯ ದಿನ ಆ ಪಟ್ಟಿಯ ಮೇಲೆ ಸುತ್ತಲೂ ಅದೇ ಬಣ್ಣದ ದಾರದಿಂದ ಎರಡು ಸಾಲು ಹೊಲಿಗೆ ಹಾಕಿ, ಅದು ಬೇಕೆಂದೇ ಮಾಡಿದ ಅಂದದಂತೆ ಕಾಣುವಂತೆ ಮಾಡಿದ್ದಳು. ಎಷ್ಟು ಪ್ರೀತಿ ಬೇಕು ಅದಕ್ಕೆ ಎಂದು ಅವನಿಗೆ ಗೊತ್ತಾದದ್ದು ನಲವತ್ತರ ಮೇಲೆ. ಹಾಲಿನಲ್ಲಿ ನಿಂತೇ, ಅಷ್ಟು ಜನರ ನಡುವೆ, ಅವನಿಗೆ ಅವಳ ಮೇಲೆ ಅಕ್ಕರೆ ಉಕ್ಕಿ ಬಂತು. ಕೆಮ್ಮಿದ.

ಹನ್ನೆರಡೂಕಾಲಿಗೆ ಸಾಹೇಬರ ಫೋನು. "ಆಯ್ತಾ?" "ಆಗ್ತಾ ಇದೆ ಸಾರ್." ಚೀಲದಿಂದ ಟೈಪು ಮಾಡಿದ ಕಾಗದವನ್ನು ತೆಗೆದ. ಇಂಥ ಸಭೆಗಳನ್ನು ಮುಗಿಸುವ ವಾಕ್ಯ ಅವನಿಗೆ ಬಾಯಿಪಾಠವಾಗಿತ್ತು. ಆರು ಊರುಗಳಲ್ಲಿ, ಆರು ಶಾಲೆಗಳ ಹಾಲುಗಳಲ್ಲಿ ಹೇಳಿದ್ದ. "ಯಾರದಾದರೂ ಆಕ್ಷೇಪ ಇದ್ದರೆ ಈಗಲೇ ಹೇಳಬಹುದು. ಇಲ್ಲದಿದ್ದರೆ ಎಲ್ಲರ ಒಪ್ಪಿಗೆ ಇದೆ ಅಂತ ಬರ್ಕೊಳ್ತೀವಿ." ಹೇಳಿ ಮೂರು ಎಣಿಸುವುದು, ಕಾಗದವನ್ನು ಮುಂದಿನ ಬೆಂಚಿಗೆ ಕೊಡುವುದು. ಇಲ್ಲೂ ಹೇಳಿ ಎಣಿಸತೊಡಗಿದ. ಒಂದು. ಕಂಡಕ್ಟರು ಚಾವಣಿ ನೋಡುತ್ತಿದ್ದರು. ಎರಡು. ಕ್ಷೌರದಂಗಡಿಯವನು ತನ್ನ ಉಗುರು ನೋಡಿಕೊಂಡ. ಎಣಿಸುತ್ತಿದ್ದವನ ಕಣ್ಣು ಅಕ್ಕನ ಮೇಲೆ ಬಿತ್ತು. ಕೆಂಪಿನ ಡಬ್ಬಿಯಿಂದ ತನ್ನ ಪಾಲಿನ ಐದನ್ನೂ ಎತ್ತಿಕೊಂಡು, ಐದನ್ನೂ ರೂಢಿಯಂತೆ ತುಟಿಗಳ ನಡುವೆ ಕಚ್ಚಿಹಿಡಿದುಕೊಂಡು, ನಕ್ಷೆಯ ಮೇಲೆ ಬಾಗಿ, ಎಲ್ಲಿ ಚುಚ್ಚಲಿ ಎಂದು ಎರಡೂ ಕೈಗಳಿಂದ ಬಟ್ಟೆಯನ್ನು ಹದಮಾಡುತ್ತಿದ್ದಳು. ಅವನ ಮಾತಿಗೆ ತಲೆಯೆತ್ತಿದಳು. ಕಾಗದ ನೋಡಿದಳು, ಅವನನ್ನು ನೋಡಿದಳು. "ಮ್" ಎಂದಳು.

ಮೂರು ಎಂದು ಎಣಿಸಲು ಅವನಿಂದ ಆಗಲಿಲ್ಲ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಹುಚ್ಚು ಹಿಡಿಯಿತೇ ಇವನಿಗೆ ಎಂದುಕೊಳ್ಳುತ್ತಿದ್ದಾರೆ. ಹನ್ನೆರಡು ವರ್ಷದಿಂದ ಆಟೋ ಹೊರಗೆ ಕಾಯುತ್ತಲೇ ಇದೆ. ಡೆಸ್ಕುಗಳನ್ನು ಸುತ್ತು ಹಾಕಿ ಅವಳ ಮುಂದೆ ಹೋಗಿ ಅಂಗೈ ಚಾಚಿದ.

"ಅಕ್ಕಾ, ಗುಂಡುಸೂಜಿ ತೆಗಿ. ತೆಗೆದು ಹೇಳು. ನಾನು ಕಾಯ್ತೀನಿ."

ಅವಳು ಹುಬ್ಬು ಗಂಟಿಕ್ಕಿದಳು. ಆಮೇಲೆ ಒಂದೊಂದಾಗಿ, ಅವಸರವೇ ಇಲ್ಲದೆ, ಐದನ್ನೂ ತೆಗೆದು ಅವನ ಅಂಗೈಯಲ್ಲಿಟ್ಟಳು. ಎಂಜಲಿನಿಂದ ಒದ್ದೆಯಾಗಿದ್ದವು.

"ಗೋಡೆ ಬೇಡ" ಎಂದಳು. "ನನಗೆ ಬೆಳಕು ಬೇಕು, ಹಳ್ಳಕ್ಕೆ ಜಾಗ ಬೇಕು. ಅಲ್ಲಿ ಎರಡು ಬೆರಳು ಬಿಡು, ಏನೂ ಬರೀಬೇಡ. ನಡೆಯೋರಿಗೆ ದಾರಿ ಬೇಕಾದ್ರೆ ಆಚೆ ದಂಡೆಯಲ್ಲಿ ಮಾಡು, ಅಲ್ಲಿ ಯಾರ ಹಿತ್ತಲೂ ಇಲ್ಲ. ಅದೇನದು ಕೈಯಲ್ಲಿ?"

ಕೊಟ್ಟ. ಅವಳು ದೂರ ಹಿಡಿದು ಓದಿದಳು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಸರ್ವಾನುಮತದಿಂದ ಎಂಬಲ್ಲಿ ತಡವರಿಸಿ ಮತ್ತೊಮ್ಮೆ ಓದಿದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬಾರದು ಅಂತ ಗಾದೆ. ನಲವತ್ತು ವರ್ಷದಿಂದ ಹೊಲೀತಿದೀನಿ, ನಾನೇ ಒಂದು ಸಲಾನೂ ಹೊಲಿದಿಲ್ಲ. ನೀನು ಸೂಜಿ ಹಿಡಿಯೋಕೂ ಬರದೋನು, ಹೊಲಿದು ತಂದಿದೀಯಾ?" ಅವನ ಕಿವಿ ಕಾದವು. ಆದರೆ ಹಾಲಿನಲ್ಲಿ ಎದ್ದ ನಗು ಈ ಸಲ ಬೇರೆಯಾಗಿತ್ತು, ಅದರಲ್ಲಿ ಅವನಿಗೂ ಜಾಗವಿತ್ತು. ಮೊದಲು ಕ್ಷೌರದಂಗಡಿಯವನು ಕೆಂಪು ಕೇಳಿದ. "ನಂಗೂ ಗೋಡೆ ಬೇಡ ಸಾರ್, ಅದರ ಹಿಂದೆ ಕೂತು ಕುಡಿಯೋರಿಗೆ ಅನುಕೂಲ ಮಾಡಿಕೊಟ್ಟಂಗಾಗುತ್ತೆ." ಕಂಡಕ್ಟರು ತಮಗೆ ಗೋಡೆ ಬೇಕೇ ಬೇಕು, ಹಾವು ಬರುತ್ತದೆ ಎಂದರು. ಹಾವಿಗೆ ಮೆಟ್ಟಿಲು ಕಟ್ಟಿಕೊಟ್ಟರೂ ಬರುತ್ತದೆ, ಗೋಡೆ ಕಟ್ಟಿದರೂ ಬರುತ್ತದೆ ಎಂದು ಹಿಂದಿನಿಂದ ಯಾರೋ. ಒಂದು ಗಂಟೆಯ ಹೊತ್ತಿಗೆ ಕೆಂಪಿನ ಡಬ್ಬಿ ಬರಿದಾಗಿ, ಹನ್ನೊಂದನೆಯ ಮನೆಯ ಸುತ್ತ ಮಾತ್ರವಲ್ಲ, ಜೋಡಿ ಗೆರೆಯ ಉದ್ದಕ್ಕೂ ದದ್ದು ಎದ್ದಿತ್ತು. ಅವನು ಬಿಳಿಯ ಹಾಳೆಯೊಂದನ್ನು ತೆಗೆದುಕೊಂಡು ಪ್ರತಿಯೊಬ್ಬರ ಮಾತನ್ನೂ ಅವರು ಆಡಿದ ಹಾಗೆಯೇ ಬರೆದುಕೊಂಡ. ಮೊದಲನೆಯ ಸಾಲು: ಗೋಡೆ ಬೇಡ. ಸಾಹೇಬರಿಗೆ ಫೋನು ಮಾಡಿ, ಒಪ್ಪಿಗೆ ಸಿಕ್ಕಿಲ್ಲ, ನಕ್ಷೆ ಬದಲಾಯಿಸಬೇಕು, ಎರಡು ಬೆರಳು ಎಂದರೆ ನೆಲದ ಮೇಲೆ ಸುಮಾರು ಅರವತ್ತು ಅಡಿ ಬಿಡಬೇಕು ಎಂದ. ಆ ಕಡೆಯಿಂದ, "ಆಗಲಿ, ನೋಡೋಣ."

ಎಲ್ಲರೂ ಹೋದ ಮೇಲೆ ಅಕ್ಕ ಒಬ್ಬಳೇ ಉಳಿದು ಗುಂಡುಸೂಜಿಗಳನ್ನು ಕೀಳುತ್ತಿದ್ದಳು. ಎಲ್ಲೆಲ್ಲಿ ಚುಚ್ಚಿದ್ದರೆಂದು ಅವನು ಫೋಟೋ ತೆಗೆದುಕೊಂಡಿದ್ದ. ಟೈಪು ಮಾಡಿದ ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕಾಲರಿನ ಅಳತೆ ಕತ್ತರಿಸಲು ಒಳ್ಳೆಯ ಗಟ್ಟಿ ಕಾಗದ ಎಂದು. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅವನು ಎದುರಿನಲ್ಲಿ ನಿಂತು, ಅವಳ ಕೈ ಅಪ್ಪನ ಜಾಗದ ಹತ್ತಿರ ಬರುವುದನ್ನೇ ಕಾಯುತ್ತಿದ್ದ. ಬಂತು.

"ಅವತ್ತು ನಾನು ಕೇಳಿದ್ದಿದ್ರೆ ಏನಂತಿದ್ದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಬೇಡ ಅಂತಿದ್ದೆ" ಎಂದಳು, ಕೀಳುತ್ತಲೇ. "ಮಾರಬೇಡ, ನಾನು ಸಹಿ ಹಾಕಲ್ಲ ಅಂತಿದ್ದೆ. ನೀನು ಮುಖ ಸಣ್ಣ ಮಾಡ್ಕೊಂಡು ಮೂಲೆಯಲ್ಲಿ ಕೂರ್ತಿದ್ದೆ. ಸಂಜೆ ಹೊತ್ತಿಗೆ ನನಗೇ ಕರುಳು ಚುರುಕ್ ಅಂದು, ಹೂಂ ತಗೋ ಅಂತಿದ್ದೆ. ಜಾಗ ಹೋಗೋದು ಹೋಗೇ ಹೋಗ್ತಿತ್ತು ಬಿಡು, ನಿನಗಲ್ದೆ ಇನ್ಯಾರಿಗೆ ಕೊಡ್ತಿದ್ದೆ. ಆದ್ರೆ ಆ ಬೇಡ ಅನ್ನೋದಿತ್ತಲ್ಲ, ಅದು ನನ್ನದು ಕಣೋ. ನನ್ನ ಪಾಲಿಗೆ ಇದ್ದದ್ದು ಅದೊಂದೇ. ಅದನ್ನೂ ನೀನು ಆಟೋದಲ್ಲಿ ಹಾಕ್ಕೊಂಡು ಹೋಗಿಬಿಟ್ಟೆ."

ಅವನು ಮಕ್ಕಳ ಬೆಂಚಿನ ತುದಿಯಲ್ಲಿ ಕುಕ್ಕರಿಸಿದ. ಕ್ಷಮಿಸು ಎಂಬ ಮಾತು ಅವರ ಮನೆಯಲ್ಲಿ ಯಾರೂ ಆಡಿದ್ದಲ್ಲ. ಅದು ಪತ್ರಗಳಲ್ಲಿ ಬರೆಯುವ ಮಾತು. ಅವನು ತನ್ನ ಅಂಗೈ ನೋಡಿಕೊಂಡ, ಐದು ಸಣ್ಣ ಕೆಂಪು ಚುಕ್ಕೆಗಳಿದ್ದವು. ಗುಂಡುಸೂಜಿಗಳನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದನೆಂದು ಆಗ ತಿಳಿಯಿತು. ಅಕ್ಕ ಡಬ್ಬಿಯ ಮುಚ್ಚಳ ಹಾಕಿ, ಬಾಯೊಳಗೆ ಏನೂ ಇಲ್ಲವೆಂದು ತೋರಿಸುವವಳಂತೆ ತುಟಿ ಒರೆಸಿಕೊಂಡು, ಅವನ ಕಡೆ ತಿರುಗಿದಳು.

"ಈಗ ಕೇಳು" ಎಂದಳು.

"ಏನು?"

"ಕೇಳೋ. ಅವತ್ತು ಕೇಳ್ಬೇಕಾಗಿದ್ದದ್ದು."

ಅವನು ಎದ್ದು ನಿಂತ. ಮೇಷ್ಟರ ಮುಂದೆ ನಿಂತ ಹಾಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಅಕ್ಕಾ" ಎಂದು ನಿಲ್ಲಿಸಿ, ಮತ್ತೆ ಶುರುಮಾಡಿದ. "ಅಕ್ಕಾ, ಅಪ್ಪನ ಜಾಗ ಮಾರಬೇಕು ಅಂತಿದೀನಿ. ನೀನು ಸಹಿ ಹಾಕ್ತೀಯಾ?"

"ಇಲ್ಲ" ಎಂದಳು ಅಕ್ಕ. "ಹಾಕಲ್ಲ."

ಎಷ್ಟು ಚೆನ್ನಾಗಿ ಹೇಳಿದಳು! ಖಾಲಿ ಹಾಲು ಅದನ್ನು ಒಮ್ಮೆ ತಿರುಗಿ ಹೇಳಿತು. ಅವನು ಕಾದ. ಇನ್ನು ಅವಳ ಮುಖ ಮೆತ್ತಗಾಗುತ್ತದೆ, ಹೂಂ ತಗೋ ಎನ್ನುತ್ತಾಳೆ ಎಂದು ಬೆಂಚು ಹಿಡಿದುಕೊಂಡು ಕಾದ. ಅವಳು ನಕ್ಷೆಯ ಎರಡು ಮೂಲೆಗಳನ್ನು ಹಿಡಿದು ಎತ್ತಿ, ಆ ಕಡೆಯ ಮೂಲೆ ಹಿಡಿ ಎಂದು ಗದ್ದದಿಂದ ತೋರಿಸಿದಳು. ಹಿಡಿದ. ಒಗೆದ ದುಪ್ಪಟಿಯನ್ನು ಮಡಿಸುವಾಗ ಮಾಡುತ್ತಿದ್ದಂತೆ ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು, ಕೊಡವಿ, ಮೂಲೆಗೆ ಮೂಲೆ ಸೇರಿಸಿಕೊಂಡು ಒಬ್ಬರ ಕಡೆಗೆ ಒಬ್ಬರು ನಡೆದು ಬಂದರು. ಅವಳ ಬೆರಳುಗಳು ಅವನ ಬೆರಳುಗಳಿಂದ ಬಟ್ಟೆಯನ್ನು ತೆಗೆದುಕೊಂಡವು. ಅವನು ಇನ್ನೂ ಅವಳ ಬಾಯನ್ನೇ ನೋಡುತ್ತಿದ್ದ.

"ಏನ್ ನೋಡ್ತೀಯಾ?" ಎಂದಳು ಅಕ್ಕ. "ಸಂಜೆ ಆಗಲಿ, ನೋಡೋಣ."